ಎಪ್ಪತ್ತನೇ ನಿಮಿಷದ ಪೆಪ್ಪರ್‌ಮೆಂಟು

ಮಿಲ್ ಬ್ಯಾಂಕ್ ಬೀದಿ, ಬ್ರೆಕ್‌ಶಾ
ಭಾನುವಾರ, 3 ಫೆಬ್ರವರಿ 2019

ನನ್ನ ಜನೀನ್,

ಫೋನ್ ಎತ್ತುವುದಿಲ್ಲ, ಸರಿ. ಬೆಳಿಗ್ಗೆ ಬಾಗಿಲು ಬಡಿದಾಗ ನಿನ್ನ ಮಹಡಿಯ ಪರದೆ ಅಲ್ಲಾಡಿದ್ದು ಕಂಡಿತು, ಅದೂ ಸರಿ. ಆದರೆ ಕಾಗದ ಬಂದರೆ ನೀನು ಓದದೆ ಇರಲಾರೆ. ಚಿಕ್ಕವಳಿದ್ದಾಗ ಬಿಸ್ಕತ್ತಿನ ಪೊಟ್ಟಣದ ಮೇಲಿನ ಅಕ್ಷರವನ್ನೂ ಬಿಡುತ್ತಿರಲಿಲ್ಲ ನೀನು. ಅದಕ್ಕೇ ಎರಡು ಬೀದಿಯಾಚೆ ಇರುವ ಮಗಳಿಗೆ ಈ ಎಪ್ಪತ್ತೆರಡನೇ ವಯಸ್ಸಿನಲ್ಲಿ ಕಾಗದ ಬರೆಯಲು ಕೂತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಸುಧಾರಿಸಿಕೊಂಡು ಓದು.

ನಿನ್ನೆ ನಾಲ್ಕೂವರೆಗೆ ಟೆಂಟರ್ ಲೇನ್ ಫುಟ್‌ಬಾಲ್ ಮೈದಾನದ ದೊಡ್ಡ ಗೇಟಿನಿಂದ ನಾನು ಹೊರಗೆ ಬಂದೆ. ಎದುರಿಗೆ ನೀನು, ಕೈಯಲ್ಲಿ ಮೈಕು, ನಿನ್ನ ಹಿಂದೆ ಸಾವಿರ ಜನ. "ಒಳಗೆ ಹೋಗೋರು ಕ್ಲಬ್ಬಿನ ಮಾಲೀಕ ಪ್ರೆಂಟಿಸ್‌ಗೆ ಊಟ ಹಾಕ್ತಿದಾರೆ" ಅಂತ ಆಗಷ್ಟೇ ಕೂಗಿದ್ದೆ. ನನ್ನನ್ನು ಕಂಡವಳು ಮೈಕು ಆರಿಸುವುದನ್ನೂ ಮರೆತು "ಅಮ್ಮಾ? ನೀನೂನಾ?" ಅಂದೆ. ಅದು ಕಾಲುವೆಯ ಆಚೆ ದಡದವರೆಗೂ ಕೇಳಿಸಿರಬೇಕು. ಮಾಂಸದಂಗಡಿಯ ಗಾರ್ಡನ್ ಸುಮ್ಮನಿರದೆ, "ಬಿಡು ಜನೀನ್, ಮುಷ್ಕರ ಮುರಿಯೋರನ್ನ ಮನೇಲೇ ಇಟ್ಕೊಂಡು ಊರಿಗೆಲ್ಲ ಬುದ್ಧಿ ಹೇಳ್ತಿದೀಯ" ಅಂದ. ನೀನು ನನಗೆ ಬೆನ್ನು ಹಾಕಿ ನಿಂತೆ.

ಗಾರ್ಡನ್ ಅಂದದ್ದು ನನ್ನ ಎದೆಗೆ ನಾಟಿತು. ನಿನ್ನ ತಾತ ಗಿರಣಿಯ ಮುಷ್ಕರದಲ್ಲಿ ಹದಿನಾಲ್ಕು ವಾರ ಹೊರಗೆ ನಿಂತವರು. ಆಗ ಕೆಲಸಕ್ಕೆ ಹೋದ ಪಕ್ಕದ ಮನೆಯವರ ಜೊತೆ ಸಾಯುವವರೆಗೂ ಮಾತಾಡಲಿಲ್ಲ. ಅಂಥವರ ಮಗಳು ನಾನು.

ಹಾಗಾದರೆ ಒಳಗೆ ಯಾಕೆ ಹೋದೆ? ದಾರಿಯಲ್ಲಿ ಬರುವಾಗ ನಾಲ್ಕು ಸಬೂಬು ಹೊಸೆದುಕೊಂಡೆ. ಚಳಿ ತಡೆಯಲಾಗಲಿಲ್ಲ ಎನ್ನುವುದು ಒಂದು. ಶೌಚಾಲಯಕ್ಕೆ ಹೋಗಬೇಕಿತ್ತು ಎನ್ನುವುದು ಇನ್ನೊಂದು. ಬೇರೆ ಎರಡು ಇವಕ್ಕಿಂತ ಕಳಪೆ. ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ಮಕ್ಕಳ ಸುಳ್ಳು ಕೇಳಿದವಳು ನಾನು. ಕೆಟ್ಟ ಸುಳ್ಳು ಯಾವುದು ಅಂತ ಗೊತ್ತಾಗುತ್ತದೆ.

ನಿಜ ಹೇಳುತ್ತೇನೆ. ನಿನ್ನೆಯದು ಮೊದಲ ಸಲವಲ್ಲ. ನವೆಂಬರಿನಿಂದ ಐದು ಸಲ ಹೋಗಿದ್ದೇನೆ. ಮಂಡಿ ನೋವು, ಹೊರಗೆ ನಿಲ್ಲಲಾರೆ ಅಂತ ನಿನಗೆ ಹೇಳಿದ್ದು ಅದಕ್ಕೇ. ಒಂದೂವರೆಗೆ ಗೇಟು ತೆರೆಯುತ್ತಲೇ, ನೀವೆಲ್ಲ ಸೇರುವ ಮೊದಲೇ, ಒಳಗೆ ಹೋಗಿ ಕೂತುಬಿಡುತ್ತಿದ್ದೆ. ಆಟ ಮುಗಿದ ಮೇಲೂ ಪ್ರೆಂಟಿಸ್‌ನ ಕಾರಿಗೆ ನೀವು ಛೀಮಾರಿ ಹಾಕಿ ಚದುರುವವರೆಗೆ ಅಲ್ಲೇ ಇರುತ್ತಿದ್ದೆ. ಅಷ್ಟು ಹೊತ್ತಿಗೆ ನನ್ನ ಕಾಲು ಮರಗಟ್ಟಿ ನಿಜವಾಗಿಯೂ ಮಂಡಿ ನೋಯುತ್ತಿತ್ತು. ಮನೆಗೆ ಓಡಿಬಂದು ಸೋಫಾದಲ್ಲಿ ಒರಗಿದರೆ, ಪಾಪ, ನೀನು ಮಟನ್ ಸಾರು ತರುತ್ತಿದ್ದೆ. ನೀನು ಕೊಂಡುಕೊಟ್ಟ ಮಂಡಿಪಟ್ಟಿ ಕಟ್ಟಿಕೊಂಡೇ ಹೋಗುತ್ತಿದ್ದೆ, ಜನೀನ್. ಗ್ಯಾಲರಿಯ ಮೆಟ್ಟಿಲು ಹತ್ತಲು ಅದು ಒಳ್ಳೆಯದು. ಇದನ್ನು ಬರೆಯಬಾರದಿತ್ತೇನೋ. ಬರೆದಾಯಿತು.

ಪ್ರೆಂಟಿಸ್ ಪರ ನಾನಿದ್ದೇನೆ ಅಂದುಕೊಳ್ಳಬೇಡ. ಅವನ ಮೇಲೆ ನನಗಿರುವ ಸಿಟ್ಟು ನಿನಗಿಂತ ಒಂದು ಸೌಟು ಹೆಚ್ಚೇ. ಹುಡುಗರು ತಾಲೀಮು ಮಾಡುತ್ತಿದ್ದ ಬಯಲು ಮಾರಿದ. ನಮ್ಮ ಕಂದು-ಹಳದಿ ಅಂಗಿಯ ಬಣ್ಣ ಬದಲಿಸಿ ನೇರಳೆ ಮಾಡಿದ. ನಮ್ಮನ್ನು 'ಗಿರಾಕಿಗಳು' ಅಂದ. ಗುಡಿಸುವವರನ್ನೂ ಕೆಲಸದಿಂದ ತೆಗೆದ, ಹೋದ ಪಂದ್ಯದ ಕಸ ಈ ಪಂದ್ಯದಲ್ಲೂ ಅಲ್ಲೇ ಬಿದ್ದಿರುತ್ತದೆ. ಆಗಸ್ಟಿನಲ್ಲಿ ಮೆಥಡಿಸ್ಟ್ ಸಭಾಂಗಣದಲ್ಲಿ ಅವನು ತೊಲಗುವವರೆಗೆ ಯಾರೂ ಬಾಗಿಲು ದಾಟಬಾರದು ಅಂತ ನೀನು ಕೇಳಿದಾಗ ಮೊದಲು ಎದ್ದ ಕೈಗಳಲ್ಲಿ ನನ್ನದೂ ಇತ್ತು. ಮುದುಕ ಆರ್ನಲ್ಡ್ ಎದ್ದು ನಿಂತು, "ನೆಗಡಿ ಆಯ್ತು ಅಂತ ಮೂಗು ಕುಯ್ಕೊಂತಾರೇನಮ್ಮ? ನಾವೇ ಹೋಗ್ದಿದ್ರೆ ಕ್ಲಬ್ಬು ಸಾಯುತ್ತೆ" ಅಂದಾಗ ನೀನು, "ನೆಗಡಿ ಅಲ್ಲ ತಾತ, ಇದು ಗ್ಯಾಂಗ್ರೀನು" ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆರ್ನಲ್ಡ್ ಟೋಪಿ ತೆಗೆದುಕೊಂಡು ಹೊರಗೆ ಹೋದರು. ಅವರು ಹೇಳಿದ್ದೂ ಸರಿ ಅನ್ನಿಸಿತು. ನೀನು ಹೇಳಿದ್ದೂ ಸರಿ ಅನ್ನಿಸಿತು. ಅವತ್ತಿನಿಂದ ನನ್ನ ತಲೆ ಹೀಗೇ ಇದೆ, ಅತ್ತ ದರಿ ಇತ್ತ ಪುಲಿ.

ಈಗ ಮುಖ್ಯವಾದದ್ದನ್ನು ಬರೆಯಬೇಕು, ಅದಕ್ಕೆ ಮೊದಲು ಚಹಾ ಮಾಡಿಕೊಂಡು ಬಂದೆ.

ಗ್ಯಾಲರಿಯ ನಮ್ಮ ಸಾಲಿನಲ್ಲಿ ಪೆಪ್ಪರ್‌ಮೆಂಟು ಅಂತ ಒಬ್ಬರಿದ್ದಾರೆ. ನೀನು ಅವರನ್ನು ಕಂಡಿರಲಾರೆ. ನೀನು ಹದಿಮೂರಕ್ಕೇ ನಮ್ಮ ಪಕ್ಕ ಕೂರುವುದು ಅವಮಾನ ಅಂತ ಆಚೆ ತುದಿಯ ಗದ್ದಲದಲ್ಲಿ ನಿಲ್ಲಲು ಹೋದವಳು. ಅವರು ನಮ್ಮ ಸಾಲಿಗೆ ಬಂದದ್ದು ಅದಾದ ಐದು ವರ್ಷಕ್ಕೆ. ನಾನು, ನಡುವೆ ನಿನ್ನಪ್ಪ ಕ್ಲಿಫ್, ಆಚೆ ಅವರು. ಇಪ್ಪತ್ತಾರು ವರ್ಷ ಹಾಗೆ ಕೂತಿದ್ದೇವೆ, ಕೊನೆಯ ಹನ್ನೊಂದು ವರ್ಷ ನಡುವೆ ನಿನ್ನಪ್ಪ ಇಲ್ಲದೆ.

ಅವರ ಹೆಸರು ನನಗೆ ಗೊತ್ತಿಲ್ಲ. ನಗಬೇಡ. ಸಾಲಿನಲ್ಲಿ ಹೆಸರು ಕೇಳುವ ಪದ್ಧತಿಯಿಲ್ಲ. ಕೇಳಿದರೆ ಮುಗಿಯಿತು, ಆಮೇಲೆ ಕ್ರಿಸ್‌ಮಸ್‌ಗೆ ಕಾರ್ಡು ಕಳಿಸಬೇಕಾಗುತ್ತದೆ, ಸತ್ತರೆ ಹೋಗಬೇಕಾಗುತ್ತದೆ. ಅವರ ಎಡ ಸೊಂಟದ ಆಪರೇಷನ್ ಗೊತ್ತು. ಮೀನು ಹಿಡಿಯುವ ಹುಚ್ಚು ಗೊತ್ತು, ಟೋಪಿಗೆ ಹಿತ್ತಾಳೆಯ ಮೀನು ಚುಚ್ಚಿಕೊಂಡಿರುತ್ತಾರೆ. ಕಿವಿಯಲ್ಲಿ ಯಂತ್ರವಿದೆ, ನಮ್ಮ ಟೌನ್ ತಂಡ ಎರಡು ಗೋಲು ಹಿಂದಿದ್ದರೆ ಅದನ್ನು ಆರಿಸಿ "ಈಗ ನೋಡ್ಬೋದು ತಾಯಿ" ಅನ್ನುತ್ತಾರೆ. ಮನೆ ಎಲ್ಲಿ, ಮನೆಯಲ್ಲಿ ಯಾರಿದ್ದಾರೆ, ಅದು ಮಾತ್ರ ಗೊತ್ತಿಲ್ಲ. ನನ್ನನ್ನು ಅವರು 'ಫ್ಲಾಸ್ಕಮ್ಮ' ಅನ್ನುವುದು, ನಾನು ಚಹಾ ತರುವುದರಿಂದ.

ಆಟದ ಎಪ್ಪತ್ತನೇ ನಿಮಿಷಕ್ಕೆ ಸರಿಯಾಗಿ ಅವರು ಪೆಪ್ಪರ್‌ಮೆಂಟಿನ ಕಾಗದದ ಪೊಟ್ಟಣ ತೆಗೆಯುತ್ತಾರೆ. ಅದಕ್ಕೆ ಮೊದಲು ತೆಗೆಯುವಂತಿಲ್ಲ. ಒಮ್ಮೆ ಆಸೆಗೆ ಅರವತ್ತೈದಕ್ಕೇ ತೆಗೆದರು, ತಕ್ಷಣ ನಮಗೆ ಗೋಲು ಬಿತ್ತು. ಇಡೀ ಸಾಲು ಅವರನ್ನು ಒಂದು ತಿಂಗಳು ಬೈಯಿತು. ಪೊಟ್ಟಣ ಅವರಿಂದ ನಿನ್ನಪ್ಪನಿಗೆ, ನಿನ್ನಪ್ಪನಿಂದ ನನಗೆ, ನನ್ನಿಂದ ಮುಂದಕ್ಕೆ ಹೋಗುತ್ತಿತ್ತು.

ನಿನ್ನಪ್ಪ ಹೋದ ಮೇಲೆ ಮೊದಲ ಪಂದ್ಯಕ್ಕೆ ನಾನು ಹೆದರಿಕೊಂಡೇ ಹೋದೆ. ನೋಡಿದರೆ ಆ ಕುರ್ಚಿಯ ಮೇಲೆ ಪೆಪ್ಪರ್‌ಮೆಂಟು ತಮ್ಮ ಕೋಟು ಬಿಚ್ಚಿ ಹಾಸಿದ್ದರು. ಯಾರೋ ಬಂದು ಖಾಲಿಯಿದೆಯಾ ಅಂತ ಕೇಳಿದರೆ "ಇಲ್ಲಪ್ಪ, ಇಲ್ಲಿ ಜನ ಇದಾರೆ" ಅಂದರು. ಆ ವರ್ಷದ ಚಳಿಗಾಲವೆಲ್ಲ ಅಂಗಿಯಲ್ಲೇ ಕೂತು ನಡುಗಿದರು, ಕೋಟು ಮಾತ್ರ ಎತ್ತಲಿಲ್ಲ. ನನಗೊಂದು ಸಮಾಧಾನದ ಮಾತೂ ಹೇಳಲಿಲ್ಲ. ಎಪ್ಪತ್ತನೇ ನಿಮಿಷಕ್ಕೆ ಖಾಲಿ ಕುರ್ಚಿಯ ಮೇಲಿಂದ ಕೈ ಚಾಚಿ ಪೊಟ್ಟಣ ಕೊಟ್ಟರು. ನೀನು, ಪಾದ್ರಿ, ಡಾಕ್ಟರು ಎಲ್ಲರೂ ಹೇಳಿದ ಮಾತಿಗಿಂತ ನನಗೆ ಆ ಕೈ ಆಸರೆಯಾಯಿತು. ಇದನ್ನು ನಿನಗೆ ಇದುವರೆಗೆ ಹೇಳಿರಲಿಲ್ಲ. ನಿನಗೆ ಬೇಜಾರಾದೀತು ಅಂತ.

ಹೋದ ಮೇ ತಿಂಗಳ ಕೊನೆಯ ಪಂದ್ಯದ ದಿನ ಅವರಿಗೆ ಕೆಮ್ಮಿತ್ತು. "ಆಗಸ್ಟಲ್ಲಿ ಸಿಗೋಣ ತಾಯಿ" ಅಂದರು. "ಬದುಕಿದ್ರೆ" ಅಂತ ನಾನು ತಮಾಷೆಗೆ ಅಂದೆ. ಆಗಸ್ಟಿನಲ್ಲಿ ಬಹಿಷ್ಕಾರ ಬಂತು. ನಾನು ನಿನ್ನ ಪಕ್ಕ ಗೇಟಿನ ಹೊರಗೆ ನಿಂತೆ, ಶಿಳ್ಳೆ ಊದಿದೆ, ಬಹಳ ಹುಮ್ಮಸ್ಸಿತ್ತು. ಅಕ್ಟೋಬರಿನಲ್ಲಿ ಒಂದು ದಿನ ಹಾಗೆ ಊದುತ್ತಿರುವಾಗಲೇ ಹೊಳೆಯಿತು, ಈ ಗುಂಪಿನಲ್ಲಿ ಅವರು ಒಂದು ಸಲವೂ ಕಂಡಿಲ್ಲ. ಒಳಗಿದ್ದಾರಾ? ಮನೆಯಲ್ಲಿದ್ದಾರಾ? ಹೆಸರಿಲ್ಲ, ವಿಳಾಸವಿಲ್ಲ, ಯಾರನ್ನು ಕೇಳಲಿ? ಗಾರ್ಡನ್‌ನನ್ನು ಕೇಳಿದೆ, ಪೆಪ್ಪರ್‌ಮೆಂಟು ಹಂಚುವ ಒಬ್ಬ ಮುದುಕರನ್ನು ನೋಡಿದೆಯಾ ಅಂತ. "ಟೆಂಟರ್ ಲೇನ್‌ನಾಗೆ ಪೆಪ್ಪರ್‌ಮೆಂಟು ಹಂಚ್ದೇ ಇರೋ ಮುದುಕ ಯಾವನಮ್ಮ?" ಅಂದ.

ನಾನು ಹೀಗೆ ಲೆಕ್ಕ ಹಾಕಿದೆ. ಸೊಂಟದ ಆಪರೇಷನ್ ಆಗಿ ಒಂಬತ್ತನೇ ದಿನಕ್ಕೆ ಕೋಲು ಊರಿಕೊಂಡು ಬಂದ ಆಸಾಮಿ, ಬಹಿಷ್ಕಾರ ಗಿಹಿಷ್ಕಾರ ಅಂತ ಹೊರಗೆ ನಿಲ್ಲುವವರಲ್ಲ. ಒಳಗೇ ಇರುತ್ತಾರೆ, ನಮ್ಮ ಸಾಲಿನಲ್ಲಿ ಒಬ್ಬರೇ. ಅದನ್ನು ನೆನೆದರೆ ಊಟ ಸೇರಲಿಲ್ಲ. ನವೆಂಬರಿನ ಎರಡನೇ ಶನಿವಾರ ಟಿಕೆಟ್ ಕೊಂಡು ಹೋದೆ. ಹೌದು, ಆ ದುಡ್ಡು ಪ್ರೆಂಟಿಸ್ ಜೇಬಿಗೇ ಹೋಯಿತು. ತಿರುಗುಗೇಟು ದಾಟುವಾಗ ನನ್ನಪ್ಪ ನೋಡುತ್ತಿದ್ದಾರೆ ಅನ್ನಿಸಿ ತಲೆ ಬಗ್ಗಿಸಿಕೊಂಡೇ ನಡೆದೆ.

ಒಳಗೆ ಅವರಿರಲಿಲ್ಲ. ಸಾಲಿಗೆ ಸಾಲೇ ಖಾಲಿ. ಮೈಕಿನಲ್ಲಿ ಇಂದಿನ ಹಾಜರಿ ಮೂರು ಸಾವಿರದ ನೂರಾ ಆರು ಅಂದರು, ವರ್ಷದ ಟಿಕೆಟ್ ಕೊಂಡು ಬಾರದವರನ್ನೂ ಸೇರಿಸಿ ಹೇಳುತ್ತಾರಲ್ಲ. ಕೆಳಗಿನಿಂದ ಯಾವನೋ, "ಎಲ್ಲವ್ರಪ್ಪ, ಕುರ್ಚಿ ಕೆಳಗಾ?" ಅಂತ ಕೂಗಿದ. ಇದ್ದ ಆರುನೂರು ಜನ ನಕ್ಕರು. ಟೌನ್ ಗೋಲು ಹೊಡೆದಾಗ ನಾನು ಎದ್ದು ನಿಂತೆ, ಆಮೇಲೆ ನಿನ್ನ ನೆನಪಾಗಿ ಕೂತೆ. ಗೆದ್ದದ್ದಕ್ಕೆ ಸಂತೋಷಪಡಬೇಕೋ, ಪ್ರೆಂಟಿಸ್ ಬೀಗುತ್ತಾನೆ ಅಂತ ದುಃಖಪಡಬೇಕೋ, ದೇವರಾಣೆ ತಿಳಿಯಲಿಲ್ಲ.

ಬರುವಾಗ ಅವರ ಕುರ್ಚಿಯ ಮೇಲೆ ಒಂದು ಪೊಟ್ಟಣ ಪೆಪ್ಪರ್‌ಮೆಂಟು ಇಟ್ಟು ಬಂದೆ. ಮಧ್ಯೆ ಯಾವತ್ತಾದರೂ ಬಂದರೆ ಅವರಿಗೆ ಗೊತ್ತಾಗುತ್ತದೆ, ನಾನು ಬಂದಿದ್ದೆ ಅಂತ. ಮುಂದಿನ ಪಂದ್ಯಕ್ಕೆ ಹೋಗಿ ನೋಡಿದರೆ ಪೊಟ್ಟಣ ಹಾಗೇ ಇತ್ತು. ಅದರ ಮುಂದಿನದಕ್ಕೂ ಇತ್ತು, ಮಳೆಗೆ ಕಾಗದ ಮೆತ್ತಗಾಗಿ ಒಳಗಿನವೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಗುಡಿಸುವವರಾದರೂ ಇದ್ದಿದ್ದರೆ ಯಾರೋ ಎತ್ತಿ ಹಾಕಿರಬೇಕು ಅಂತ ನಂಬಿಕೊಳ್ಳಬಹುದಿತ್ತು.

ಜನೀನ್, ನಿನ್ನ ಕರಪತ್ರದಲ್ಲಿ ಪ್ರತಿ ಸಲ ಆ ಖಾಲಿ ಗ್ಯಾಲರಿಯ ಫೋಟೋ ಹಾಕಿ 'ಇದು ನಮ್ಮ ಗೆಲುವು' ಅಂತ ಬರೆಯುತ್ತೀಯ. ಅದು ಗೆಲುವೇ, ನಾನು ಅಲ್ಲ ಅನ್ನುವುದಿಲ್ಲ. ಆದರೆ ಆ ಫೋಟೋದಲ್ಲಿ ಮೇಲಿನಿಂದ ಏಳನೇ ಸಾಲು, ಕಂಬದ ಪಕ್ಕದ ಕುರ್ಚಿಯನ್ನೇ ನಾನು ನೋಡುತ್ತೇನೆ. ಅದು ನಿನ್ನ ಗೆಲುವೋ, ಅಥವಾ ಕೆಮ್ಮು ಜೋರಾಗಿ ಜುಲೈನಲ್ಲೇ ಮಣ್ಣಿಗೆ ಹೋದ ಒಬ್ಬ ಮನುಷ್ಯನದೋ? ಖಾಲಿ ಕುರ್ಚಿಯನ್ನು ನೋಡಿದರೆ ಎರಡೂ ಒಂದೇ ಥರ ಕಾಣುತ್ತದೆ. ಮೊದಲಾಗಿದ್ದರೆ ಒಬ್ಬರು ಬಾರದಿದ್ದರೆ ಇಡೀ ಸಾಲೇ ವಿಚಾರಿಸುತ್ತಿತ್ತು. ಈಗ ಯಾರೂ ಬಾರದಿರುವುದೇ ನಿಯಮವಾಗಿ, ಯಾರು ಬಂದಿಲ್ಲ ಅಂತ ಕೇಳುವವರೇ ಇಲ್ಲ.

ನಿನ್ನೆ ಎಪ್ಪತ್ತನೇ ನಿಮಿಷಕ್ಕೆ ನಾನೇ ಹೊಸ ಪೊಟ್ಟಣ ತೆಗೆದೆ. ಒಂದನ್ನು ಬಾಯಿಗೆ ಹಾಕಿಕೊಂಡು, ಅಭ್ಯಾಸಬಲದಿಂದ, ಪಕ್ಕಕ್ಕೆ ಕೈ ಚಾಚಿದೆ. ಕೈ ಹಾಗೇ ಇತ್ತು ಸ್ವಲ್ಪ ಹೊತ್ತು. ಅವರು ಸತ್ತಿದ್ದಾರೆ ಅಂತ ಆಗ ನಿಶ್ಚಯವಾಗಿ ಅನ್ನಿಸಿಬಿಟ್ಟಿತು. ಅಳು ತಡೆಯಲಾಗಲಿಲ್ಲ. ನೀವು ಗೇಟಿನ ಹತ್ತಿರವಿದ್ದೀರಿ, ಇಷ್ಟು ಬೇಗ ಹೊರಗೆ ಹೋಗಬಾರದು ಅನ್ನುವುದೆಲ್ಲ ಮರೆತೇ ಹೋಗಿ ಎದ್ದು ಬಂದುಬಿಟ್ಟೆ. ನೀನು ಕಂಡದ್ದು ಆ ಮುಖವನ್ನು. ನಾಚಿಕೆಯಿಂದ ಕಣ್ಣು ಕೆಂಪಾಗಿದೆ ಅಂದುಕೊಂಡಿರುತ್ತೀಯ.

ಹೆಸರು ಗೊತ್ತಿಲ್ಲದ ಒಬ್ಬ ಗಂಡಸಿಗಾಗಿ ನಿನ್ನ ಮರ್ಯಾದೆ ತೆಗೆದೆ ಅಂತ ನೀನು ಕೇಳಬಹುದು. ಕೇಳು. ಅವರು ನನಗೆ ಏನಾಗಬೇಕು ಅಂತಲೂ ಕೇಳಬಹುದು. ಸ್ನೇಹಿತ ಅನ್ನಲು ಒಂದು ದಿನವೂ ಮೈದಾನದ ಹೊರಗೆ ಅವರನ್ನು ಕಂಡಿಲ್ಲ. ಏನೂ ಅಲ್ಲ ಅನ್ನೋಣವೆಂದರೆ ನವೆಂಬರಿನಿಂದ ನನಗೆ ನೆಟ್ಟಗೆ ನಿದ್ದೆಯಿಲ್ಲ. ನಿನಗೆ ಸುಳ್ಳು ಹೇಳಿದ್ದು ತಪ್ಪು, ಅದಕ್ಕೆ ಕ್ಷಮೆ ಕೇಳುತ್ತೇನೆ. ಒಳಗೆ ಹೋದದ್ದು ತಪ್ಪೋ ಅಲ್ಲವೋ, ಇವತ್ತಿಗೂ ತಿಳಿಯುತ್ತಿಲ್ಲ. ಸಭೆಯಲ್ಲಿ ಗಾರ್ಡನ್ ನನ್ನ ಹೆಸರು ಎತ್ತಿದರೆ ಎದ್ದು ನಿಂತು ಒಪ್ಪಿಕೊಳ್ಳುತ್ತೇನೆ. ಮುಳುಗಿದವಳಿಗೆ ಚಳಿಯೇನು, ಮಳೆಯೇನು.

ಒಂದು ಉಪಕಾರ ಮಾತ್ರ ಮಾಡು. ಹೊರಗೆ ನಿಲ್ಲುವವರ ಪಟ್ಟಿ ನಿನ್ನ ಹತ್ತಿರ ಇದೆಯಲ್ಲ, ಯಾರನ್ನಾದರೂ ವಿಚಾರಿಸಿ ನೋಡು. ಎಂಬತ್ತರ ಹತ್ತಿರದ ವಯಸ್ಸು, ಎಡಕ್ಕೆ ಸ್ವಲ್ಪ ವಾಲಿ ನಡೆಯುತ್ತಾರೆ, ಕಂದು ಟೋಪಿ, ಹಿತ್ತಾಳೆ ಮೀನು. ಇಲ್ಲ ಅಂದರೆ ಇಲ್ಲ ಅನ್ನು, ನಾನು ಒಂದು ದಿನ ಅತ್ತು ಸುಮ್ಮನಾಗುತ್ತೇನೆ. ನೀನು ಮಾತ್ರ ನನ್ನ ಕಡೆ ತಿರುಗು. ಈ ಊರಿನಲ್ಲಿ ಪ್ರೆಂಟಿಸ್ ಬಹಳಷ್ಟು ಮಾರಿದ್ದಾನೆ, ನಮ್ಮಿಬ್ಬರ ನಡುವಿನದನ್ನೂ ಅವನು ತೆಗೆದುಕೊಂಡು ಹೋಗುವುದು ಬೇಡ.

ಮಂಡಿ ನೆಟ್ಟಗಿರುವ, ತಲೆ ನೆಟ್ಟಗಿಲ್ಲದ,
ನಿನ್ನ ಅಮ್ಮ
ಏವ್ರಿಲ್

ಇನ್ನೊಂದು ಮಾತು: ಕಾಗದ ಮಡಿಸಿ ನಿನ್ನ ಬಾಗಿಲ ಕೆಳಗೆ ತೂರಿಸಲು ಹೊರಟರೆ, ಇಲ್ಲಿ ನನ್ನ ಬಾಗಿಲ ಕೆಳಗೇ ನಿನ್ನ ಹೊಸ ಕರಪತ್ರ ಬಿದ್ದಿತ್ತು. ಮುನಿಸಿದ್ದರೂ ನನ್ನ ಮನೆ ಬಿಡಲಿಲ್ಲವಲ್ಲ, ಸಂತೋಷ. ಈ ಸಲ ಗ್ಯಾಲರಿಯ ಬದಲು ಗೇಟಿನ ಗುಂಪಿನ ಫೋಟೋ ಹಾಕಿದ್ದೀಯ, ಜನವರಿ 19ರದು. ಕನ್ನಡಕ ಹಾಕಿಕೊಂಡು ಮೂರು ಸಲ ನೋಡಿದೆ. ನಡುವೆ ಮೈಕು ಹಿಡಿದು ನೀನು. ನಿನ್ನ ಬಲಕ್ಕೆ ಕಂದು ಟೋಪಿ, ಹಿತ್ತಾಳೆ ಮೀನು, ನಿನ್ನ ಕಡೆ ಚಾಚಿದ ಕೈಯಲ್ಲಿ ಕಾಗದದ ಪೊಟ್ಟಣ. ನಿನ್ನ ಎಡಗೆನ್ನೆ ಉಬ್ಬಿದೆ, ಜನೀನ್! ಗೊತ್ತೂ ಇಲ್ಲದೆ ಎಷ್ಟು ದಿನದಿಂದ ತಿನ್ನುತ್ತಿದ್ದೀಯ?

ನಾನು ಹೊರಗೆ ನಿಂತಾಗ ಅವರು ಒಳಗೆ ನನ್ನನ್ನು ಹುಡುಕುತ್ತಿದ್ದರೋ, ಇವಳು ಹೊರಗಿರಬೇಕು ಅಂತ ಅವರು ಆಚೆ ಬಂದಾಗ ನಾನು ಒಳಗೆ ಹೋದೆನೋ, ಯಾರಿಗೆ ಗೊತ್ತು. ಸಾವಿರ ಜನರಲ್ಲಿ ನಿನ್ನ ಪಕ್ಕವೇ ಯಾಕೆ ನಿಂತಿದ್ದಾರೆ ಅಂತ ಮೊದಲು ತಿಳಿಯಲಿಲ್ಲ. ಆಮೇಲೆ ಕನ್ನಡಿಯಲ್ಲಿ ನನ್ನ ಮೂಗು ನೋಡಿಕೊಂಡೆ. ಅದೇ ಮೂಗು ನಿನಗೂ ಇದೆ, ಅದನ್ನು ನೋಡಿಯೇ ಫ್ಲಾಸ್ಕಮ್ಮನ ಮಗಳು ಅಂತ ಗುರುತು ಹಿಡಿದಿರಬೇಕು.

ಶನಿವಾರ ನಾನು ಹೊರಗಿರುತ್ತೇನೆ, ಫ್ಲಾಸ್ಕಿನ ಸಮೇತ. ನಾನು ಬರುವಷ್ಟರೊಳಗೆ ಅವರು ನನ್ನನ್ನು ಹುಡುಕಿಕೊಂಡು ಒಳಗೆ ಹೊರಟರೆ ಬಿಡಬೇಡ, ತೋಳು ಹಿಡಿದು ನಿಲ್ಲಿಸು. ಆದರೆ ಹೆಸರು ಮಾತ್ರ ಕೇಳಬೇಡ. ಅದನ್ನು ನಾನೇ ಕೇಳಬೇಕು.